ಪಾರೆಯ ಗುರ್ತು

"ಇದ್ಕೆ ನಿಮ್ಮಲ್ಲ್ ಹೆಸ್ರೆಂತ?" ನೀರಿನಿಂದ ತಲೆಯೆತ್ತಿ ವಿನಯಾ ಕೇಳಿದಳು.

"ಸಾರಿಗ್ ಬಿದ್ದ ಮೀನಿಗ್ ಮಾತ್ರ ಹೆಸ್ರ್ ಮಾರಾಯ್ತಿ," ದೋಣಿಯ ಅಂಚಿಗೆ ಗಲ್ಲ ಊರಿ ಯತೀಶ್ ಹೇಳಿದ. "ಕಿರುಬೆರಳಷ್ಟ್ ಮೀನಿಗೆ ಹೆಸ್ರಿಟ್ರೆ ಮೀನಿಗಿಂತ ಹೆಸ್ರೇ ಉದ್ದ ಆತ್ತ್."

ಅವಳು ನಕ್ಕಳು. ರೆಪ್ಪೆಯ ಮೇಲೆ ನಿಂತಿದ್ದ ಹನಿ ಜಾರಿತು, ಅವನೂ ಜಾರಿದ.

ಬ್ರಹ್ಮಾವರದ ವಿನಯಾ ಮೀನಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಬೈಂದೂರಿನ ಯತೀಶ್ ವಿನಯಾಳ ಮೇಲೆ.

ಕೆಳಗೆ, ನೀರಡಿಯ ಕಲ್ಲುಬಂಡೆಯ ಪಾರೆಯಲ್ಲಿ, ಹಸಿರು ಮೈಗೆ ಗುಲಾಬಿ ಗೆರೆ ಬಳಿದುಕೊಂಡ ಪುಟ್ಟ ರ‍್ಯಾಸ್ ಮೀನುಗಳು ಸುಳಿದಾಡುತ್ತಿದ್ದವು.

"ಗುಂಪಿನ ಗಂಡ್ ಸತ್ರೆ ದೊಡ್ಡ ಹೆಣ್ಣೇ ಗಂಡಾತ್ತ್, ಗೊತ್ತಿತ್ತಾ?"

"ನಮ್ಮನೇಲಿ ಅಪ್ಪಯ್ಯ ಇಪ್ಪಾಗ್ಳೇ ಅಮ್ಮ ಆಯ್ದ್ಳ್."

ಆ ಪಾರೆ ಮೇಲಿಂದ ಕಾಣುವುದಿಲ್ಲ. ದಡದ ಓರೆ ತೆಂಗು ಗುಡ್ಡದ ಬೋಳು ಬಂಡೆಗೆ ನೇರವಾದಾಗ ದೋಣಿ ನಿಲ್ಲಿಸಬೇಕು. ಇಂಥ ಗುರ್ತನ್ನು ಮನೆಯವರಿಗಷ್ಟೇ ಹೇಳುವುದು. ಸೊಸೆಗೂ ತಾಳಿ ಬಿದ್ದ ಮೇಲೆಯೇ. ದೋಣಿ ಹತ್ತಿ ಕೂತ ಅವಳ ಹೆಗಲ ಮೇಲಿಂದ ಯತೀಶ್ ಕೈ ಚಾಚಿ ತೋರಿಸಿದ.

"ಇದನ್ನ ಹೊರ್ಗಿನವ್ರಿಗ್ ಹೇಳೂದಿಲ್ಲೆ."

"ನಾನೂ ಹೇಳೂದಿಲ್ಲೆ," ಎಂದಳು, ಕಣ್ಣಲ್ಲಿ ಕಣ್ಣಿಟ್ಟು. ಅವನ ಪಾಲಿಗೆ ನಿಶ್ಚಿತಾರ್ಥ ಮುಗಿಯಿತು.

ತಿಂಗಳಾಗುವಷ್ಟರಲ್ಲಿ ಅವಳ ಲೇಖನ ಇಂಟರ್ನೆಟ್ಟಿಗೆ ಬಂತು, ಪಾರೆಯ ಮ್ಯಾಪ್ ಸಮೇತ. ಮರುವಾರವೇ ಯಾವುದೋ ಊರಿನ ದೋಣಿ, ನುಣ್ಣನೆ ಬಲೆ, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲ. ಅಕ್ವೇರಿಯಂಗೆ ಮೀನು ಹಿಡಿಯುವವರು. ಯತೀಶ್ ಮುಳುಗಿ ನೋಡಿದಾಗ ಪಾರೆ ಬರೀ ಕಲ್ಲಾಗಿತ್ತು.

ಸುದ್ದಿ ಕೇಳಿ ವಿನಯಾ ಓಡಿಬಂದಳು. ಮರಳ ಮೇಲೆ ಇಬ್ಬರೂ ಕೂತರು.

"ಗುರ್ತ್ ಕೊಡೂದಂದ್ರೆ ಎಂತ ಅಂತ ನಿಂಗ್ ಗೊತ್ತಿರ್ಲಿಲ್ಲೆ ಅಲ್ದಾ?" ಅವನೇ ಅವಳಿಗೆ ದಾರಿ ಮಾಡಿಕೊಟ್ಟ.

"ಗೊತ್ತಿತ್ತ್." ಅವಳು ತಲೆ ಎತ್ತಲಿಲ್ಲ. "ಮ್ಯಾಪ್ ಇಲ್ದಿರೆ ಲೇಖನ ತಕಂಬೂದಿಲ್ಲೆ ಅಂದ್ರ್ ಪತ್ರಿಕೆಯವ್ರ್. ನಿನ್ ಮುಖ ನೆನಪಾಯ್ತ್. ಆದ್ರೂ ಕೊಟ್ಟೆ."

ಇಡೀ ವಾರ ಅವನು ತನ್ನೊಳಗೇ ಅವಳ ವಕೀಲನಾಗಿ ವಾದಿಸಿದ್ದ. ಕಕ್ಷಿದಾರಳೇ ತಪ್ಪೊಪ್ಪಿಕೊಂಡಳು.

"ಯತೀ, ಈ ಮೀನ್ ಬೇರೆ ಎಲ್ಲಾದ್ರೂ ಇತ್ತಾ? ನಾಲ್ಕ್ ಸಿಕ್ರೂ ತಂದ್ ಇಲ್ಲ್ ಬಿಡ್ಲಕ್."

ಇತ್ತು. ಉತ್ತರ ದಿಕ್ಕಿಗೆ, ಅಪ್ಪ ಮತ್ತು ಅವನಷ್ಟೇ ಬಲ್ಲ ಇನ್ನೊಂದು ಪಾರೆಯಲ್ಲಿ. ನಿನ್ನೆಯೇ ಹೋಗಿ ಕಣ್ಣಾರೆ ಕಂಡು ಬಂದಿದ್ದ.

ಗಾಳಿಗೆ ಅವಳ ಬಾಯಿಗೆ ಬಂದ ಕೂದಲನ್ನು ಮೆಲ್ಲನೆ ಕಿವಿಯ ಹಿಂದೆ ಸರಿಸಿದ.

"ಎಲ್ಲೂ ಇಲ್ಲೆ ಹೆಣ್ಣೇ," ಎಂದ. "ಏಳ್, ಬಸ್ಸಿಗ್ ಹೊತ್ತಾಯ್ತ್."