ಅಮ್ಮನ ಕೆನ್ನೆಯ ಶಾಖ

ಅಮ್ಮನ ಫೈಲನ್ನು ಡಾಕ್ಟರ್ ಆತ್ರೇಯ ಬೇರೆ ಡಾಕ್ಟರಿಗೆ ಒಪ್ಪಿಸಿದ್ದಾನೆಂದು ತಿಳಿದಾಗ ಸ್ನೇಹಲತಾಗೆ ಸಿಟ್ಟಿಗಿಂತ ಮೊದಲು ಅನುಮಾನ ಬಂತು.

ಅವಳ ಅಮ್ಮ, ಹಳೇಕೋಟೆಯ ದೊಡ್ಡತಾಯಮ್ಮನಿಗೆ ಎಲೆಯಡಿಕೆ ಜೊತೆ ಹೊಗೆಸೊಪ್ಪು ಬೇಕೇ ಬೇಕು. ಕೆನ್ನೆಯೊಳಗೆ ಹುಣ್ಣಾದಾಗ ಉಪ್ಪಿನ ಗಂಟು ಕಾಯಿಸಿ ಶಾಖ ಕೊಟ್ಟುಕೊಂಡಿದ್ದಳು. ಕೆಲವೇ ದಿನಗಳಲ್ಲಿ ಕತ್ತಿನಲ್ಲೂ ಗೆಡ್ಡೆ ಕಾಣಿಸಿತು; ಪರೀಕ್ಷೆ ಮಾಡಿಸಿದಾಗ ಕ್ಯಾನ್ಸರ್ ಎಂದಾಯಿತು. ಶಾಖವೇ ಅದನ್ನು ಹರಡಿಸಿತೆಂದು ಊರು ಆಡಿಕೊಂಡಿತು. ಟೀಚರಾಗಿದ್ದ ಮಗಳೂ ನಂಬಿದಳು.

ಮೈಸೂರಿನ ಆಸ್ಪತ್ರೆಯಲ್ಲಿ ಆತ್ರೇಯ ರೇಡಿಯೇಷನ್ ಜೊತೆಗೆ ಗೆಡ್ಡೆಗೆ ಯಂತ್ರದಿಂದ ಅಳತೆಯ ಬಿಸಿಯನ್ನೂ ಕೊಡೋಣವೆಂದಿದ್ದ. ಹೇಳುವಾಗ ಸ್ನೇಹಲತಾಳತ್ತ ನೋಡುವನು. ಅವಳು ನೋಡಿದೊಡನೆ ದೃಷ್ಟಿ ಗೋಡೆಯ ಕ್ಯಾಲೆಂಡರಿಗೆ ಜಾರುವುದು. ಸುಳ್ಳು ಹೇಳುವ ಮಕ್ಕಳು ಹಾಗೇ ನೋಡುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಅವನು ಲ್ಯಾಬಿನಲ್ಲಿ ಕ್ಯಾನ್ಸರ್ ಜೀವಕೋಶಗಳಿಗೆ ಬಿಸಿ ಕೊಟ್ಟು ಸಂಶೋಧನೆ ಮಾಡುತ್ತಾನೆಂದು ನರ್ಸ್ ಹೇಳಿದ ಮೇಲಂತೂ, ಅಮ್ಮನೂ ಒಂದು ಪ್ರಯೋಗವೇ ಎನಿಸಿತು.

ಭಾನುವಾರ ಅವನು ಊರಿಗೆ ಹೋಗಿರುವನೆಂದು ತಿಳಿದು ಹೊಳೆನರಸೀಪುರದ ಅವನ ಮನೆಗೇ ಹೋದಳು. ಜಗಲಿಯಲ್ಲಿ ಪೇಪರ್ ಓದುತ್ತಿದ್ದವನು ಎದ್ದು ನಿಂತ.

"ಕಾಯಿಲೆ ಇನ್ನೂ ಹರಡಿದೆ. ಅದಕ್ಕೇ ಕೈ ತೊಳ್ಕೊಂಡ್ರಿ, ಅಲ್ವಾ ಸಾರ್?"

ಹರಡಿಲ್ಲವೆಂದ. ಕತ್ತಿನ ಗೆಡ್ಡೆ ಉಪ್ಪಿನ ಶಾಖಕ್ಕೆ ಮುಂಚೆಯೇ ಇದ್ದಿರಬೇಕು, ಕೈಗೆ ತಾಕಿದ್ದು ಮಾತ್ರ ಆಮೇಲೆ ಎಂದ.

"ನಿಮ್ಮ ಬಿಸಿಯಿಂದ ಹರಡಲ್ಲ ಅಂತ ಗ್ಯಾರಂಟಿ ಕೊಡ್ತೀರಾ?"

"ಇಲ್ಲ. ಲ್ಯಾಬಲ್ಲಿ ಬಿಸಿಗೆ ಆ ಜೀವಕೋಶಗಳ ಓಡಾಟ ಕಮ್ಮಿಯಾಗಿದ್ದನ್ನ ನೋಡಿದೀನಿ. ಆದರೆ ಗಾಜಿನ ತಟ್ಟೆ ಬೇರೆ, ನಿಮ್ಮಮ್ಮ ಬೇರೆ. ನಂಬಿಕೆ ಇದೆ, ಗ್ಯಾರಂಟಿ ಇಲ್ಲ."

"ಮತ್ತೆ ಯಾಕೆ ಬಿಟ್ರಿ?"

ಈ ಸಲ ಅವನ ದೃಷ್ಟಿ ಜಾರಲಿಲ್ಲ. "ನಿಮ್ಮಮ್ಮ ಬಂದಾಗಲೆಲ್ಲ ನಾನು ಮೊದಲು ನೋಡ್ತಿದ್ದದ್ದು ನಿಮ್ಮನ್ನ. ಅಂಥವನು ಅವರ ಡಾಕ್ಟರಾಗಿರಬಾರದು."

ಅವಳು ಬಸ್ ಸ್ಟ್ಯಾಂಡಿಗೆ ನಡೆದಳು. ಅದನ್ನೂ ನಂಬಲಿಲ್ಲ. ಹೊಸ ಡಾಕ್ಟರ್ ಹಂಸ ಅವರನ್ನು ವಿಚಾರಿಸಿದಳು; ಆತ್ರೇಯ ಹೇಳಿದ್ದನ್ನೇ ಅವರೂ ಹೇಳಿದರು, ಕೊನೆಯ ಮಾತೊಂದನ್ನು ಬಿಟ್ಟು. ಬಿಸಿಯ ಚಿಕಿತ್ಸೆಗೆ ಒಪ್ಪಿ ಸಹಿ ಹಾಕಿದಳು.

ಚಿಕಿತ್ಸೆ ನಡೆಯುವಾಗ ಆತ್ರೇಯ ಬಿಳಿ ಕೋಟಿಲ್ಲದೆ ಬಂದು ಹೊರಗಿನ ಬೆಂಚಿನಲ್ಲಿ ಅವಳ ಪಕ್ಕ ಕೂರುತ್ತಿದ್ದ. ಅವನು ತಂದ ಫ್ಲಾಸ್ಕಿನ ಕಾಫಿಯನ್ನು ಮೊದಲು ಅವಳು ಬೇಡವೆಂದಳು. ಆಮೇಲೆ ಸಕ್ಕರೆ ಜಾಸ್ತಿ ಎಂದಳು.

"ಆ ಡಾಕ್ಟ್ರು ಕಣ್ಣು ನಿನ್ ಮ್ಯಾಲೇ ಇತ್ತು ಕಣೆ," ಎಂದಳು ಅಮ್ಮ, ನೋಯುವ ಬಾಯಲ್ಲೇ. "ನಂಗ್ ಅವತ್ತೇ ಗೊತ್ತಿತ್ತು."

ಮಳೆಗಾಲ ಮುಗಿಯುವ ಹೊತ್ತಿಗೆ ಸ್ಕ್ಯಾನ್ ಬಂತು. ಗೆಡ್ಡೆ ಕುಗ್ಗಿತ್ತು, ಬೇರೆಲ್ಲೂ ಹರಡಿರಲಿಲ್ಲ. ಹಂಸ ಅವರ ಬಾಯಿಂದ ಕೇಳಿದ ಮೇಲೆಯೇ ಅವಳು ಬೆಂಚಿನಲ್ಲಿ ಕೂತು ಅತ್ತಳು.

"ಇನ್ನೂ ಅನುಮಾನ ಇದೆಯಾ?" ಆತ್ರೇಯ ಮೆಲ್ಲಗೆ ಕೇಳಿದ.

"ಇದೆ," ಎಂದು ಕಣ್ಣೊರೆಸಿಕೊಂಡಳು ಸ್ನೇಹಲತಾ. "ಅದು ಹೋಗೋವರೆಗೂ ನಿಮ್ಮ ಜೊತೇಲೇ ಇದ್ದು ನೋಡ್ಬೇಕು."