ಅಳತೆ ಸರಿಯಾಗಿದೆ

ಹಾಡುಹಗಲು ಹನ್ನೊಂದು ಗಂಟೆಗೆ, ಇಡೀ ವರ್ಕ್‌ಶಾಪಿನ ಕಣ್ಣೆದುರು, ಹೊಸ ಕೊಂಡಿ ಕಳಚಿಕೊಂಡಿತು.

ಎಂಜಿನ್ ಎಂಟು ವ್ಯಾಗನ್‌ಗಳನ್ನು ಎಳೆದುಕೊಂಡು ಏರು ಹತ್ತುತ್ತಿತ್ತು. ಕಡೆಯ ವ್ಯಾಗನ್ ಹಿಂದಕ್ಕೆ ಜಾರಿ ಹಳಿಯ ಕೊನೆಯ ದಿಮ್ಮಿಗೆ ಗುದ್ದಿತು. ಅದರ ಮೆಟ್ಟಿಲ ಮೇಲೆ ನಿಂತಿದ್ದ ಶಂಟಿಂಗ್ ಕೆಲಸದವನ ತೋಳು ಮುರಿಯಿತು.

ವಿಚಾರಣೆಗೆ ಬಂದವರು ನಾವಿಬ್ಬರು — ಸುರಕ್ಷತಾ ಇಲಾಖೆಯ ಮೇಡಂ, ಅವರ ಸಹಾಯಕನಾದ ನಾನು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಪರೀಕ್ಷೆಯಲ್ಲಿ ನನಗೇ ಎರಡು ಅಂಕ ಹೆಚ್ಚು. ಆದರೂ ಅವರು ಮುಂದೆ, ಅವರ ಚೀಲ ಹಿಡಿದು ನಾನು ಹಿಂದೆ. ನನಗೆ ಹೊಟ್ಟೆಕಿಚ್ಚಿದೆ. ಮುಚ್ಚಿಡುವುದೇಕೆ?

ನಾವು ಹೋಗುವಷ್ಟರಲ್ಲಿ ವರ್ಕ್‌ಶಾಪಿನ ದೊಡ್ಡ ಸಾಹೇಬರು ತಪ್ಪಿತಸ್ಥನನ್ನು ಗೊತ್ತುಮಾಡಿಬಿಟ್ಟಿದ್ದರು. "ಮಾದರಿ ಬಡಗಿ. ನಾಲ್ಕು ಗಂಟೆಗೆ ವಜಾ ಆದೇಶಕ್ಕೆ ಸಹಿ ಹಾಕ್ತೀನಿ. ಅವನ ಕೊಂಡಿಯೂ ಬೇಡ, ಅವನೂ ಬೇಡ."

ಕೊಂಡಿ ಎಂದರೆ ವ್ಯಾಗನ್‌ಗಳ ತುದಿಯಲ್ಲಿರುವ ಉಕ್ಕಿನ ಮುಷ್ಟಿಗಳು. ಒಂದಕ್ಕೊಂದು ತಾಗಿದೊಡನೆ ಬೆರಳು ಮಡಚಿ ಹಿಡಿದುಕೊಳ್ಳುತ್ತವೆ. ಹಿಡಿದ ಬೆರಳು ಬಿಚ್ಚದಂತೆ ಒಳಗೊಂದು ಉಕ್ಕಿನ ತುಂಡು ಬೀಳುತ್ತದೆ — ಅಗುಳಿ. ಈ ಹೊಸ ಬಗೆಯ ಅಗುಳಿಯನ್ನು ಯೋಚಿಸಿದವನೂ ಆ ಬಡಗಿಯೇ, ಅದರ ಮರದ ಮಾದರಿ ಕೆತ್ತಿದವನೂ ಅವನೇ. ಆ ಮಾದರಿಯನ್ನು ಮರಳಿನಲ್ಲಿ ಒತ್ತಿ, ಮೂಡಿದ ಗುಳಿಗೆ ಕರಗಿದ ಉಕ್ಕು ಸುರಿದು ಅಗುಳಿ ಎರಕ ಹೊಯ್ದಿದ್ದರು.

ಎರಕದ ಅಗುಳಿ ಗಾಲಿಗೆ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಉಳಿದದ್ದು ಮರದ ಮಾದರಿ ಮಾತ್ರ. ಅದರ ಒಂದು ಭುಜ ಚೂಪಾಗಿರಬೇಕಾದಲ್ಲಿ ದುಂಡಗಿತ್ತು. ಹಾಗಿದ್ದರೆ ಪ್ರತಿ ಕುಲುಕಿಗೂ ಅಗುಳಿ ಚೂರುಚೂರೇ ಮೇಲೆ ಸರಿಯುತ್ತದೆ, ಕಡೆಗೆ ಬೆರಳು ಬಿಚ್ಚುತ್ತದೆ.

ಬಡಗಿ ಬಾಗಿಲಾಚೆ ಸ್ಟೂಲಿನ ಮೇಲೆ ಕೂತಿದ್ದ. ಮೂವತ್ತೈದರ ಆಸುಪಾಸು. ಕೂದಲಲ್ಲಿ ಮರದ ಹೊಟ್ಟು.

"ಸಾರ್, ಆ ಭುಜ ನಾನು ಉಜ್ಜಿದ್ದಲ್ಲ. ಅದು ನನ್ನ ಮಾದರೀನೇ ಅಲ್ಲ."

"ಅಲ್ವಾ?" ಎಂದೆ ನಾನು. "ಈಗಷ್ಟೇ ಅಳೆದೆ. ಆ ಭುಜ ಬಿಟ್ರೆ ಉಳಿದಿದ್ದೆಲ್ಲ ಡ್ರಾಯಿಂಗಿಗೆ ಸರಿಯಾಗಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

ಅವನು ತಟ್ಟನೆ ತಲೆಯೆತ್ತಿದ. "ಯಾವ ಸ್ಕೇಲಲ್ಲಿ ಅಳೆದ್ರಿ ಸಾರ್?"

"ಸರ್ಕಾರಿ ಸ್ಕೇಲಲ್ಲಿ ಕಣಯ್ಯಾ! ನಂಗೇ ಅಳೆಯೋಕೆ ಹೇಳ್ಕೊಡ್ತೀಯಾ?"

ಅವನು ಇನ್ನೇನೋ ಹೇಳಬಂದ. ನಾನು ಕೈಯೆತ್ತಿ ಸುಮ್ಮನಿರಿಸಿದೆ. ವರದಿಯಲ್ಲಿ ದೊಡ್ಡದಾಗಿ ಬರೆದೆ: ಅಳತೆ ಸರಿಯಾಗಿದೆ. ಒಂದು ಸಲವಾದರೂ ಮೇಡಂಗಿಂತ ಮೊದಲು ಕೇಸು ಮುಗಿಸಿದೆನೆಂದು ಒಳಗೊಳಗೇ ಹಿಗ್ಗಿದೆ.

ಮೇಡಂ ಹಿಗ್ಗಲಿಲ್ಲ. "ಮಾದರಿ ಯಾರ್ಯಾರ ಕೈ ದಾಟಿದೆ?"

"ಒಂದು ದಿನ ಬಡಗಿಗಳ ಶೆಡ್ಡಿನಲ್ಲಿ, ಎರಡು ದಿನ ತಪಾಸಣೆಗೆ ಅಂತ ಡ್ರಾಯಿಂಗ್ ಆಫೀಸಿನಲ್ಲಿ. ಆಮೇಲೆ ನೇರ ಎರಕಕ್ಕೆ," ಎಂದ ಬಡಗಿ.

ಶೆಡ್ಡಿನಲ್ಲಿ ಇನ್ನೊಬ್ಬ ಮಾದರಿ ಬಡಗಿಯಿದ್ದ. ಎಲ್ಲರ ಬಾಯಲ್ಲಿ ಮೀಸೆ ಮೇಸ್ತ್ರಿ. ಅವನೂ ಒಂದು ಅಗುಳಿ ಯೋಚಿಸಿಕೊಟ್ಟಿದ್ದ; ಸಾಹೇಬರು ಬೇಡವೆಂದಿದ್ದರು.

"ನಿಮಗೆ ಬೇಜಾರಾಗ್ಲಿಲ್ವಾ?" ಮೇಡಂ ಕೇಳಿದರು.

"ಬೇಜಾರಾ? ಹೊಟ್ಟೆ ಧಗಧಗ ಅಂತು ಮೇಡಂ! ಎರಡು ದಿನ ಅವನ ಮುಖ ನೋಡ್ಲಿಲ್ಲ."

"ಮಾದರಿ ಬದಲಾಯಿಸಿದ್ರಾ?"

"ಬೈದೆ. ಬೆನ್ನ ಹಿಂದೆ ಆಡ್ಕೊಂಡೆ. ಮರಕ್ಕೆ ಮೋಸ ಮಾಡ್ಲಿಲ್ಲ."

ಇವನೇ ಎಂದು ನಾನು ಕಣ್ಸನ್ನೆ ಮಾಡಿದೆ. ಮೇಡಂ ನೋಡದವರಂತೆ ಮಹಡಿ ಹತ್ತಿದರು.

ಡ್ರಾಯಿಂಗ್ ಆಫೀಸು ಮೇಲಿತ್ತು. ಅಗುಳಿಯ ನಕ್ಷೆ ಬರೆದ ಡ್ರಾಫ್ಟ್ಸ್‌ಮನ್ ಎದ್ದು ನಿಂತು ಕುರ್ಚಿ ಕೊಟ್ಟ. ಇಸ್ತ್ರಿ ಕೆಡದ ಅಂಗಿ, ಮೆತ್ತಗಿನ ಮಾತು. ಬಡಗಿಗೂ ಇವನಿಗೂ ನಂಟಸ್ತಿಕೆಯಿತ್ತು — ಷಡ್ಡಕರು. ಅಕ್ಕನನ್ನು ಇವನು ಮದುವೆಯಾಗಿದ್ದ, ತಂಗಿಯನ್ನು ಅವನು.

"ಪಾಪ, ಒಳ್ಳೆಯವನು. ಸ್ವಲ್ಪ ಆತುರ ಜಾಸ್ತಿ, ಅಷ್ಟೇ," ಎಂದ.

ಮೇಡಂ ಮೇಜಿನ ಮೇಲಿನ ಮರದ ಪೆಟ್ಟಿಗೆಯ ಮೂಲೆ ಸವರಿದರು. ಸಂದು ಎಲ್ಲಿದೆಯೆಂದು ಹುಡುಕಬೇಕು, ಅಂಥ ಕೆಲಸ. "ಯಾರು ಮಾಡಿದ್ದು?"

"ನಾನೇ. ನಮ್ಮ ಮಾವ ಇಲ್ಲೇ ಮಾದರಿ ಮೇಸ್ತ್ರಿ ಆಗಿದ್ರು. ಮದುವೆಯಾದ ಹೊಸದರಲ್ಲಿ ಉಳಿ ಹಿಡಿಯೋದು ಕಲಿಸಿದ್ರು."

"ಅವರ ಸಾಮಾನೆಲ್ಲ ಈಗ?"

"ಕಿರಿ ಅಳಿಯನಿಗೆ ಕೊಟ್ರು. ಉಳಿ, ಕೊಡತಿ ಹೋಗ್ಲಿ ಬಿಡಿ. ಹಿತ್ತಾಳೆ ಸ್ಕೇಲೂ ಅವನಿಗೇ. ನಾನು ದಿನವೆಲ್ಲ ಅಳೆಯೋನು, ಮೊದಲ ಅಳಿಯ ಬೇರೆ. ನಂಗೊಂದು ಮಾತೂ ಕೇಳ್ಲಿಲ್ಲ."

ಯಾರೂ ಕೇಳದಿದ್ದರೂ ಹೇಳಿದ. ಆ ದನಿ ನನಗೆ ಚೆನ್ನಾಗಿ ಗೊತ್ತು. ಮೇಡಂ ವಿಷಯ ಮನೆಯಲ್ಲಿ ಹೇಳುವಾಗ ನನ್ನದೂ ಅದೇ ದನಿ.

ಮೆಟ್ಟಿಲಿಳಿಯುತ್ತ ಮೇಡಂ ನಿಂತರು. "ರೀ, ಆ ಬಡಗಿ ಯಾವ ಸ್ಕೇಲು ಅಂತ ಯಾಕೆ ಕೇಳಿದ?"

"ಏನೋ ತಲೆಹರಟೆ."

"ಕೆಲಸ ಕಳ್ಕೊಳ್ಳೋ ಹೊತ್ತಲ್ಲಿ ತಲೆಹರಟೆ ಮಾಡ್ತಾರೇನ್ರೀ?"

ಅವರು ನೇರ ಬಡಗಿಯ ಹತ್ತಿರ ಹೋದರು. ಹತ್ತು ನಿಮಿಷ ಮಾತಾಡಿದರು. ನನ್ನನ್ನು ಕರೆಯಲಿಲ್ಲ.

ಮೂರೂ ಮುಕ್ಕಾಲು. ಸಾಹೇಬರ ಕೋಣೆ. ಆದೇಶ ಮೇಜಿನ ಮೇಲಿತ್ತು, ಪೆನ್ನಿನ ಮುಚ್ಚಳ ತೆಗೆದಿತ್ತು. ಬಡಗಿ, ಮೀಸೆ ಮೇಸ್ತ್ರಿ, ಡ್ರಾಫ್ಟ್ಸ್‌ಮನ್ ಸಾಲಾಗಿ ನಿಂತಿದ್ದರು.

ಮೇಡಂ ನನ್ನ ಸರ್ಕಾರಿ ಸ್ಕೇಲನ್ನು ಮೇಜಿನ ಮೇಲಿಟ್ಟರು. ಬಡಗಿಯ ಹಿತ್ತಾಳೆ ಸ್ಕೇಲನ್ನು ಅದರ ಪಕ್ಕಕ್ಕೆ, ಸೊನ್ನೆಗೆ ಸೊನ್ನೆ ಸೇರಿಸಿ ಇಟ್ಟರು.

"ಹಿತ್ತಾಳೆಯದರಲ್ಲಿ ನೂರೈವತ್ತು ಮಿಲಿಮೀಟರ್ ಎಲ್ಲಿದೆ ನೋಡಿ."

ನೋಡಿದೆ. ನನ್ನ ಸ್ಕೇಲಿನ ನೂರೈವತ್ತಮೂರರ ಎದುರಿಗಿತ್ತು.

"ಹಾಳಾದ ಸ್ಕೇಲು," ಎಂದರು ಸಾಹೇಬರು.

"ಅಲ್ಲ. ಮಾದರಿ ಬಡಗಿಗಳ ಸ್ಕೇಲೇ ಹೀಗೆ. ಕರಗಿದ ಉಕ್ಕು ಆರಿದ ಮೇಲೆ ಕುಗ್ಗುತ್ತೆ. ಅದಕ್ಕೇ ಮಾದರಿ ದೊಡ್ಡದಿರಬೇಕು. ಎಷ್ಟು ದೊಡ್ಡದು ಅನ್ನೋ ಲೆಕ್ಕ ಈ ಗೀಟುಗಳಲ್ಲೇ ಇದೆ. ಇವರು ಡ್ರಾಯಿಂಗಿನ ಅಳತೆ ನೋಡಿ ಇದರಲ್ಲಿ ಗೀಟು ಹಾಕ್ತಾರೆ, ಮಾದರಿ ತಾನಾಗೇ ದೊಡ್ಡದಾಗುತ್ತೆ."

ನಾನು ವರದಿ ತೆರೆದು ನೋಡಿದೆ. ನಾನು ಅಳೆದ ಮಾದರಿ ಡ್ರಾಯಿಂಗಿನ ನೂರೈವತ್ತಕ್ಕೆ ನೂರೈವತ್ತೇ ಇತ್ತು.

"ಈ ಮಾದರಿ ಡ್ರಾಯಿಂಗಿಗೆ ಸರಿಯಾಗಿದೆ. ಅದೇ ತಪ್ಪು," ಎಂದರು ಮೇಡಂ. "ಭುಜ ದುಂಡು ಮಾಡಿದ್ದು ಬೇಕಂತಲೇ. ಅಳತೆ ಮಾತ್ರ ಗೊತ್ತಿಲ್ಲದೆ ಆದದ್ದು. ಮೀಸೆ ಮೇಸ್ತ್ರಿ ಮಾಡಿದ್ದರೆ ಅವರ ಕೈ ತಾನಾಗೇ ಇಂಥ ಸ್ಕೇಲನ್ನೇ ಎತ್ಕೊಳ್ತಿತ್ತು. ಇದು ಮರದ ಕೆಲಸ ಬಲ್ಲ, ಎರಕದ ಮನೆಗೆ ಕಾಲಿಡದ, ಮೇಜಿನ ಮೇಲಿನ ಸ್ಕೇಲನ್ನೇ ನಂಬಿದವರ ಕೆಲಸ. ಡ್ರಾಫ್ಟ್ಸ್‌ಮನ್ನರೇ, ಮೂಲ ಮಾದರಿ ಎಲ್ಲಿದೆ?"

ಅವನು ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟ.

"ನನ್ನ ಬೀರುವಿನಲ್ಲಿ. ನಕ್ಷೆ ಸುರುಳಿಗಳ ಹಿಂದೆ. ಅದನ್ನ ಉಜ್ಜಿ ಕೆಡಿಸೋಕೂ ಸುಟ್ಟುಹಾಕೋಕೂ ಮನಸ್ಸಾಗ್ಲಿಲ್ಲ, ಅಷ್ಟು ಚೆನ್ನಾಗಿತ್ತು. ಉಕ್ಕು ಕುಗ್ಗುತ್ತೆ ಅಂತ ಓದಿದ್ದೆ ಮೇಡಂ. ಕೆತ್ತುವಾಗ ನೆನಪಾಗ್ಲಿಲ್ಲ. ನಕ್ಷೆ ಬರೆದೋನು ನಾನು. ಊರೆಲ್ಲ ಬಡಗಿ ಕೊಂಡಿ, ಬಡಗಿ ಕೊಂಡಿ ಅಂತು. ಮನೆಗೆ ಹೋದ್ರೆ ಮಾವನ ಬಾಯಲ್ಲೂ ಅದೇ. ಯಾರದೋ ಕೈ ಮುರೀಲಿ ಅಂತ ನಾನು ಮಾಡ್ಲಿಲ್ಲ."

ಸಾಹೇಬರು ಆದೇಶವನ್ನು ಹರಿದರು. ಪೊಲೀಸರಿಗೆ ಫೋನು ಮಾಡಲು ಎದ್ದು ಹೋದರು.

ನಾನು ವರದಿಯ ಆ ಸಾಲನ್ನು ಹೊಡೆದುಹಾಕಲು ಮೆಲ್ಲಗೆ ಪೆನ್ನೆತ್ತಿದೆ. ಮೇಡಂ ತಡೆದರು. "ಇರ್ಲಿ ಬಿಡಿ. ಕೇಸು ನಿಂತಿರೋದೇ ನೀವು ಅಷ್ಟು ಸರಿಯಾಗಿ ಅಳೆದಿದ್ದರಿಂದ." ಅವರು ಕುಹಕವಾಡಲಿಲ್ಲ. ಅದಕ್ಕೇ ನನಗೆ ಇನ್ನೂ ಉರಿಯಿತು.

ಬಡಗಿ ತನ್ನ ಹಿತ್ತಾಳೆ ಸ್ಕೇಲನ್ನು ಎತ್ತಿಕೊಂಡ. ಬಾಗಿಲವರೆಗೆ ಹೋದವನು ಹಿಂದಿರುಗಿ ಬಂದು ಷಡ್ಡಕನೆದುರು ನಿಂತ. ಹೊಡೆಯುತ್ತಾನೆಂದುಕೊಂಡೆ.

"ಭಾವ, ಈ ಸ್ಕೇಲು ನಿಮಗ್ಯಾಕೆ ಬರ್ಲಿಲ್ಲ ಅಂತ ಕೇಳಿದ್ರೆ ನಾನೇ ಹೇಳ್ತಿದ್ದೆ. ನಿಮಗೆ ಕೊಡಬೇಡ ಅಂತ ಮಾವನೇ ಹೇಳಿದ್ರು. ಇದ್ರಲ್ಲಿ ಅಳೆದ್ರೆ ದೊಡ್ಡಳಿಯನ ನಕ್ಷೆ ಎಲ್ಲಾ ತಪ್ಪಾಗಿಬಿಡುತ್ತೆ, ಅವನ ಹೆಸರು ಕೆಡುತ್ತೆ ಅಂದ್ರು."

ಡ್ರಾಫ್ಟ್ಸ್‌ಮನ್ ಕೈ ಚಾಚಿ ಆ ಸ್ಕೇಲಿನ ಗೀಟುಗಳ ಮೇಲೆ ಬೆರಳಾಡಿಸಿದ. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.