ಕುಚ್ಚಿನ ಲೆಕ್ಕದಿಂದ ಕಾಣೆಯಾದ ಹಾಳೆ

ಉಲ್ಲಾಳದ ನಮ್ಮ ಬೀದಿಯಲ್ಲಿ ಏನೇ ಕಾಣೆಯಾದರೂ ಜನ ಮೊದಲು ನಮ್ಮ ಮನೆ ಬಾಗಿಲಿಗೇ ಬರುತ್ತಾರೆ. ನನ್ನ ಹೆಂಡತಿ ವಿಮಲಾ ಪತ್ತೆ ಮಾಡುತ್ತಾಳೆ. ನಾನು, ನಿವೃತ್ತ ಬಸ್ ಡ್ರೈವರ್ ಬೈರಪ್ಪ, ಬಂದವರಿಗೆಲ್ಲ ಕಾಫಿ ಕಾಯಿಸುತ್ತೇನೆ. ಇದೂ ಒಂದು ಹಣೆಬರಹ!

ಆ ಶುಕ್ರವಾರ ಬೆಳಿಗ್ಗೆ ಮಹಡಿಯ ಬಾಡಿಗೆ ಹುಡುಗಿಯರು ಕವನಾ, ಕೀರ್ತನಾ ದಡದಡ ಇಳಿದು ಬಂದರು. ಸೀರೆ ಸೆರಗಿಗೆ ಬಗೆಬಗೆಯ ಕುಚ್ಚು ಕಟ್ಟುವುದು ಇಬ್ಬರೂ ಪಾಲುದಾರರಾಗಿ ನಡೆಸುತ್ತಿದ್ದ ಕಸುಬು. ವಿಜಯನಗರದಲ್ಲಿ ಅಂಗಡಿ ಹಿಡಿಯಲು ಸಾಲ ಬೇಕಿತ್ತು. ಅದಕ್ಕೆ ಖರ್ಚಿನ ಅಂದಾಜನ್ನು ಅಂದೇ ಮಧ್ಯಾಹ್ನ ಎರಡು ಗಂಟೆಯೊಳಗೆ ಸೊಸೈಟಿಗೆ ಕೊಡಬೇಕಿತ್ತು.

"ಆಂಟಿ, ಲೆಕ್ಕದ ಪುಸ್ತಕದಿಂದ ಅಂದಾಜು ಬರೆದಿದ್ದ ಹಾಳೆ ಯಾರೋ ಕತ್ತರಿಸಿದಾರೆ!" ಅಂದಳು ಕವನಾ.

"ಯಾರೋ ಏನು? ಅಂಗಡಿ ಬಾಡಿಗೆ ಜಾಸ್ತಿ ಆಯ್ತು, ಬೇಡ ಅಂದಿದ್ದು ನೀನೇ ತಾನೇ?" ಕೀರ್ತನಾ ಸಿಡುಕಿದಳು.

"ನೋಡಿ ಆಂಟಿ! ಹಾಳೆ ಇನ್ನೊಂದು ಬರೀಬಹುದು. ಇಷ್ಟು ಅನುಮಾನ ಇಟ್ಕೊಂಡು ಒಟ್ಟಿಗೆ ಸಾಲಕ್ಕೆ ಸೈನ್ ಹಾಕೋದು ಹೇಗೆ?"

ಮೂರು ವರ್ಷದ ಗೆಳೆತನ ನನ್ನ ಕಣ್ಣೆದುರೇ ಮುರಿಯುತ್ತಿತ್ತು. ನಾನು ಕಾಫಿಗೆ ನೀರಿಟ್ಟೆ.

ವಿಮಲಾ ಪುಸ್ತಕ ತೆಗೆದುಕೊಂಡಳು. ರಟ್ಟಿನ ಎರಡೂ ಅಂಚಿಗೆ ಸಣ್ಣ ಸಣ್ಣ ಗೀರು ಬಿದ್ದಿದ್ದವು. ಒಳಗಿನಿಂದ ಒಂದೆಳೆ ಹಸಿರು ರೇಷ್ಮೆ ಸಿಕ್ಕಿತು.

"ಪುಸ್ತಕದ ಪಕ್ಕ ದುಡ್ಡೇನಾದ್ರೂ ಇತ್ತಾ?"

"ಇತ್ತು. ಹಾಗೇ ಇದೆ."

"ಹಾಳೇಲಿ ಏನೇನಿತ್ತು?"

"ಬಾಡಿಗೆ, ದಾರ, ಮಣಿ, ಕಲಾ ಅಕ್ಕನ ಕೂಲಿ. ಕೂಲಿ ಮಾತ್ರ ಹೊಡೆದು ಹಾಕಿದ್ವಿ."

"ಯಾಕೆ?"

ಜಗಳವಾಡುತ್ತಿದ್ದವರು ಮುಖ ಮುಖ ನೋಡಿಕೊಂಡರು. "ಅದು ಗುಟ್ಟು, ಆಂಟಿ. ಸಂಜೆ ಹೇಳೋಣ ಅಂತಿದ್ವಿ."

ವಿಮಲಾ ಮಹಡಿ ಹತ್ತಿದಳು. ಕಾಫಿ ತಟ್ಟೆ ಹಿಡಿದು ನಾನೂ ಹಿಂದೆ ಹೋದೆ. ಕೆಲಸಕ್ಕೆ ಬರುವ ಕಲಾ ಹಸಿರು ದಾರವನ್ನು ಹೊಚ್ಚಹೊಸ ರಟ್ಟಿಗೆ ಸುತ್ತುತ್ತಿದ್ದಳು. ಹುಡುಗಿಯರ ಜಾಗದಲ್ಲಿ ದಾರ ಸುತ್ತುವುದಕ್ಕೆ ಮರದ ಹಲಗೆಗಳಿದ್ದವು.

"ರಟ್ಟು ಹೊಸದಲ್ವಾ ಕಲಾ?"

"ಹಳೇದು ನಿನ್ನೆ ಮುರಿದೋಯ್ತಮ್ಮಾ." ಅವಳ ಕಣ್ಣು ಊದಿಕೊಂಡಿದ್ದವು.

ವಿಮಲಾ ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿದಳು.

"ದುಡ್ಡು ಮುಟ್ಟಿಲ್ಲ ಅಂದ್ಮೇಲೆ ಇದು ಕಳ್ಳತನ ಅಲ್ಲ. ಹಾಳೇಲಿ ಏನೋ ನೋಡಿ ನೊಂದೋರ ಕೆಲಸ. ಈ ಗೀರು ನೋಡಿ, ದಾರ ಬಿಗಿಯಾಗಿ ಸುತ್ತಿದ ಗುರುತು. ಹಲಗೆ ಇರೋರಿಗೆ ಪುಸ್ತಕ ಯಾಕೆ ಬೇಕು? ನಿನ್ನೆ ಯಾರ ರಟ್ಟು ಮುರೀತೋ, ಅವರಿಗೆ ಬೇಕಾಯ್ತು. ಸುತ್ತೋಕೆ ತಗೊಂಡಾಗ ಆ ಪುಟ ಕಣ್ಣಿಗೆ ಬಿತ್ತು. ಹೌದೇನಮ್ಮಾ ಕಲಾ?"

ಕಲಾ ಸೆರಗಿನ ಗಂಟು ಬಿಚ್ಚಿ ಮಡಿಸಿದ ಹಾಳೆ ಮುಂದಿಟ್ಟಳು.

"ನನ್ನ ಹೆಸರು, ಅಂಕಿ, ಅಷ್ಟೇ ನಂಗೆ ಓದೋಕೆ ಬರೋದು. ಅದರ ಮೇಲೆ ಗೀಟು ಎಳ್ದಿತ್ತು. ಕೇಳೋಕೆ ಬಾಯಿ ಬರ್ಲಿಲ್ಲ. ಮಗಳ ಹತ್ರ ಓದಿಸಿದೆ. ಕೂಲಿ ಹೊಡ್ದಾಕವ್ರೆ ಅಮ್ಮಾ ಅಂದ್ಲು. ಇವ್ರು ಜಗಳ ಆಡಿದ್ಮೇಲಂತೂ ಹೇಳೋಕೆ ಭಯ ಆಯ್ತು." ಅವಳು ಬಿಕ್ಕಿ ಬಿಕ್ಕಿ ಅತ್ತಳು. "ಕೆಲಸದಿಂದ ತೆಗೀಬೇಡಿ ಕಣ್ರಮ್ಮಾ."

"ಅಯ್ಯೋ ಅಕ್ಕಾ!" ಕವನಾ ಪುಸ್ತಕದ ಕೊನೆಯ ಪುಟ ತೆರೆದಳು. ಅಲ್ಲಿ ಲಾಭದ ಪಾಲು ಬರೆದಿತ್ತು: ಕವನಾ, ಕೀರ್ತನಾ, ಕಲಾ. ಮೂವರಿಗೂ ಸಮ.

"ನನ್ನತ್ರ ಬಂಡವಾಳ ಎಲ್ಲೈತೆ?"

"ನಮ್ಮಿಬ್ರಿಗೂ ಗಂಟು ಹಾಕೋದು ಕಲಿಸಿದ್ದು ಯಾರು?" ಎಂದು ಕೀರ್ತನಾ ಕಣ್ಣೊರೆಸಿಕೊಂಡಳು. ಆಮೇಲೆ ಕವನಾಳ ಕಡೆ ತಿರುಗಿದಳು. "ಸಾರಿ ಕಣೇ."

"ಹೋಗ್ಲಿ ಬಿಡೇ, ಮೊದ್ಲು ಕಾಫಿ ಕುಡಿ."

ಕಲಾ ಬಹಳ ಹೊತ್ತು ತನ್ನ ಹೆಸರನ್ನೇ ನೋಡಿದಳು. ಆಮೇಲೆ ಆ ಖರ್ಚಿನ ಹಾಳೆಯನ್ನು ಹತ್ತಿರ ಎಳೆದುಕೊಂಡು, ಒಂದು ಅಂಕಿಯ ಮೇಲೆ ಬೆರಳಿಟ್ಟಳು.

"ಇದೇನು, ಮಣಿ ಲೆಕ್ಕವಾ? ಇಷ್ಟೊಂದಾ? ಚಿಕ್ಕಪೇಟೇಲಿ ಅರ್ಧಕ್ಕೆ ಸಿಗುತ್ತೆ!"

"ಇಷ್ಟು ದಿನ ಯಾಕಕ್ಕಾ ಹೇಳ್ಲಿಲ್ಲ?"

"ಅವಾಗ ನಿಮ್ಮ ದುಡ್ಡು," ಅಂದಳು ಕಲಾ, ಕೆನ್ನೆಯ ನೀರು ಒರೆಸುತ್ತ. "ಈಗ ನಮ್ಮದಲ್ವಾ?"